ನಲಿಕಲಿ ಕೊಠಡಿ ಕೆಡವುವ ವಿಚಾರ

ತೊಂಬತ್ತಾರನೆಯ ಹಾಳೆಯಲ್ಲೂ ಸುಷ್ಮಾಳೇ ಇದ್ದಳು. ಈ ಸಲ ಹಸಿರು ಚೂಡಿದಾರ, ಎರಡೂ ಕೈ ಗೋಡೆ ದಾಟಿ ಆಚೆಗೆ ಚಾಚಿವೆ, ಒಂದೊಂದು ಕೈಗೆ ಏಳೇಳು ಬೆರಳು. ನಾಗಮಣಿ ಅದನ್ನು ಎಡಗಡೆಯ ಕಟ್ಟಿಗೆ ಸೇರಿಸಿದಳು. ಎಡಗಡೆಯದು ಸುಷ್ಮಾ ಇರುವ ಕಟ್ಟು, ಬಲಗಡೆಯದು ಇಲ್ಲದ ಕಟ್ಟು. ಹೀಗೆ ವಿಂಗಡಿಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೂಟಗಳ್ಳಿಯ ಈ ಸರ್ಕಾರಿ ಶಾಲೆಗೆ ಪಕ್ಕದ ಕಾರ್ಖಾನೆಯವರು ನಾಲ್ಕು ಹೊಸ ಕೊಠಡಿ ಕಟ್ಟಿಸಿ, ಹಳೆಯವನ್ನು ರಿಪೇರಿ ಮಾಡಿಸಿಕೊಡಲು ಒಪ್ಪಿದ್ದರು. ಒಪ್ಪಿದವರು ಸುಮ್ಮನಿರಬಾರದೆ? ನಕ್ಷೆ ಹಾಕುವ ಮೊದಲು ಮಕ್ಕಳ ಅಭಿಪ್ರಾಯ ಬೇಕು, ‘ನನ್ನ ಶಾಲೆ ಹೇಗಿರಬೇಕು’ ಅಂತ ಒಬ್ಬೊಬ್ಬರೂ ಒಂದು ಚಿತ್ರ ಬರೆದು ಕೆಳಗೆ ಎರಡು ಸಾಲು ಬರೆಯಲಿ, ಮುಖ್ಯ ಶಿಕ್ಷಕಿ ಎಲ್ಲವನ್ನೂ ನೋಡಿ ಒಂದು ಪುಟದ ವರದಿ ಕೊಡಲಿ ಎಂದಿದ್ದರು. ಒಟ್ಟು ನೂರ ನಲವತ್ತೆರಡು ಹಾಳೆ. ಶನಿವಾರದ ಬೆಳಗಿನ ಶಾಲೆ ಬಿಟ್ಟು ಗಂಟೆಯಾಗಿತ್ತು. ಉಳಿದ ಶಿಕ್ಷಕರು ಬಸ್ಸು ಹಿಡಿದಿದ್ದರು. ನಜರ್‌ಬಾದಿನ ಮನೆಯಿಂದ ಗಂಡ ಎರಡು ಸಲ ಫೋನು ಮಾಡಿ ಊಟಕ್ಕೆ ಕಾಯಲೋ ಬೇಡವೋ ಎಂದು ಕೇಳಿದ್ದರು. ಅವಳು ಆಫೀಸು ಕೋಣೆಯಲ್ಲಿ ಒಬ್ಬಳೇ ಕೂತು, ಅಂಕ ಕೊಡುವುದಿಲ್ಲವೆಂದು ಗೊತ್ತಿದ್ದೂ ಕೆಂಪು ಪೆನ್ನು ಹಿಡಿದುಕೊಂಡಿದ್ದಳು.

ಮಕ್ಕಳು ಕಂಡದ್ದನ್ನು ಬರೆಯುತ್ತಾರೆ, ಅದರಲ್ಲೇನಿದೆ ಎಂದು ಅವಳು ತನಗೇ ಹೇಳಿಕೊಂಡಳು. ಸುಷ್ಮಾ ಒಂದರಿಂದ ಮೂರನೆಯ ಕ್ಲಾಸಿನ ನಲಿಕಲಿ ಕೊಠಡಿಯವಳು, ಎಂಟು ವರ್ಷದಿಂದ ಇಲ್ಲಿದ್ದಾಳೆ, ಏಳನೆಯ ಕ್ಲಾಸಿನ ಮಕ್ಕಳೂ ಅವಳ ಕೈ ದಾಟಿಯೇ ಬಂದವರು. ಸರಿ, ಒಪ್ಪೋಣ. ಆದರೆ ಹೊಸ ಕಟ್ಟಡ ಬರೆಯಿರಿ ಅಂದರೆ ಕಟ್ಟಡ ಬರೆಯಬೇಕಪ್ಪ, ಇವಳನ್ನು ಯಾಕೆ ನಿಲ್ಲಿಸಬೇಕು? ಬಾಗಿಲಲ್ಲಿ ಸುಷ್ಮಾ, ಕಿಟಕಿಯಲ್ಲಿ ಸುಷ್ಮಾ, ಒಬ್ಬನಂತೂ ಹೆಂಚಿನ ಮೇಲೆ ಕೂರಿಸಿದ್ದ. ಹತ್ತು ನಿಮಿಷ ತಡವಾಗದೆ ಒಂದು ದಿನ ಬಂದವಳಲ್ಲ. ಹಾಜರಿ ಹಾಕುವುದನ್ನು ಮರೆತು ಮಧ್ಯಾಹ್ನ ಓಡಿಬಂದು ‘ಸಾರಿ ಮೇಡಂ’ ಎಂದು ಹಲ್ಲು ಬಿಡುವವಳು. ಗಂಟಲು ಒಡೆದ ತಮಟೆ. ಚಾಪೆಯ ಮೇಲೆ ಮಕ್ಕಳ ನಡುವೆ ಕಾಲು ಚಾಚಿ ಕೂತರೆ ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ಟೀಚರು ಯಾರೆಂದು ಹುಡುಕಬೇಕು. ಅವಳ ವೇಲಿನ ತುದಿಯನ್ನು ಯಾವುದಾದರೂ ಒಂದು ಮಗು ಬಾಯಲ್ಲಿಟ್ಟುಕೊಂಡೇ ಇರುತ್ತದೆ. ಥೂ, ಅಸಹ್ಯ ಎಂದುಕೊಂಡಳು ನಾಗಮಣಿ. ಅಸಹ್ಯ ಅಲ್ಲ ಅದು ಎಂದು ಅವಳಿಗೆ ಗೊತ್ತಿತ್ತು. ತೊಂಬತ್ತೇಳನೆಯದರಲ್ಲಿ ಆರನೆಯ ಕ್ಲಾಸಿನ ಹುಡುಗಿಯೊಬ್ಬಳು ಚಿತ್ರವನ್ನೇ ಬರೆಯದೆ ‘ಹುಡುಗಿಯರ ಟಾಯ್ಲೆಟ್‌ಗೆ ಚಿಲಕ ಬೇಕು’ ಎಂದಷ್ಟೇ ಬರೆದಿದ್ದಳು. ನಾಗಮಣಿ ಅದನ್ನು ಬಲಗಡೆಗೆ ಹಾಕಿ, ವರದಿಯಲ್ಲಿ ಗುರುತು ಹಾಕಿಕೊಳ್ಳದೆಯೇ ಮುಂದಿನ ಹಾಳೆ ತಿರುಗಿಸಿದಳು.

ಅವಳು ಹುಡುಕುತ್ತಿದ್ದದ್ದು ತನ್ನನ್ನು. ಸರಗೂರಿನ ಕಡೆ ಗಿರಿಜನರ ಒಂದು ಹಾಡಿಯ ಪಕ್ಕದ ಶಾಲೆಗೆ ಮೊದಲ ಸಲ ಕೆಲಸಕ್ಕೆ ಸೇರಿದಾಗ ಬಸ್ಸು ನಿಲ್ಲುವ ಕಡೆ ಹದಿನೈದು ಮಕ್ಕಳು ಕಾದಿರುತ್ತಿದ್ದರು, ಬ್ಯಾಗು ಹಿಡಿಯುವುದಕ್ಕೆ. ಬ್ಯಾಗು ಒಂದು, ಮಕ್ಕಳು ಹದಿನೈದು. ಕೊನೆಗೆ ಅವಳು ಬುತ್ತಿ ಒಬ್ಬರಿಗೆ, ಛತ್ರಿ ಒಬ್ಬರಿಗೆ, ಕನ್ನಡಕದ ಪೆಟ್ಟಿಗೆ ಒಬ್ಬರಿಗೆ ಎಂದು ಹಂಚಿ, ಏನೂ ಸಿಗದವರಿಗೆ ತನ್ನ ಬೆರಳು ಕೊಡುತ್ತಿದ್ದಳು. ಎಡಗೈಯ ಕಿರುಬೆರಳಿಗೆ ಜಗಳವಾಗುತ್ತಿತ್ತು. ಅದು ಯಾವಾಗ ನಿಂತಿತು? ಯಾವುದೋ ಒಂದು ದಿನ ನಿಂತಿರಬೇಕು, ಆ ದಿನ ಅವಳು ಗಮನಿಸಿರಲಿಲ್ಲ. ಈಗ ಮೂರು ವರ್ಷದಿಂದ ಪ್ರಭಾರ ಮುಖ್ಯ ಶಿಕ್ಷಕಿ. ಮೊಟ್ಟೆ ಎಷ್ಟು, ಹಾಲಿನ ಪುಡಿ ಎಷ್ಟು, ಶೂ ಯಾರಿಗೆ ಬಂತು, ಯಾರಿಗಿಲ್ಲ, ಎಲ್ಲವನ್ನೂ ಕಂಪ್ಯೂಟರಿಗೆ ತುಂಬುವುದರಲ್ಲೇ ಸಾಯಂಕಾಲ. ಮಕ್ಕಳು ಅವಳನ್ನು ತಮ್ಮತಮ್ಮಲ್ಲಿ ಆಫೀಸ್ ಮಿಸ್ ಅನ್ನುತ್ತಾರೆಂದು ಒಮ್ಮೆ ಕಿವಿಗೆ ಬಿದ್ದಿತ್ತು. ಅವತ್ತು ನಕ್ಕಿದ್ದಳು. ನಗು ಬಂದಿರಲಿಲ್ಲ, ಆದರೂ ನಕ್ಕಿದ್ದಳು. ನೂರ ಹದಿನೆಂಟನೆಯ ಹಾಳೆಯಲ್ಲಿ ಅವಳು ಸಿಕ್ಕಳು. ತುರುಬು, ಕನ್ನಡಕ, ಸೀರೆ, ನೆರಿಗೆಗೆ ಮೂರು ಗೆರೆ. ಕೈಯಲ್ಲಿ ಉದ್ದನೆಯದೇನೋ ಒಂದು. ಬೆತ್ತವೇ? ನಾನು ಯಾವಾಗ ಬೆತ್ತ ಹಿಡಿದೆ? ಇರಲಿ, ಸ್ಕೇಲಿರಬಹುದು, ಮಗು ತಾನೇ, ಹೇಗೋ ಬರೆದಿದೆ ಎಂದು ಅವಳೇ ಅದರ ಪರ ವಾದ ಮಾಡಿದಳು. ಹೆಸರು ಮಧುಶ್ರೀ, ಎರಡನೆಯ ಕ್ಲಾಸು. ನಾಗಮಣಿಗೆ ಮುಖ ಬಿಸಿಯಾಯಿತು. ಆ ಹಾಳೆಯನ್ನು ಎಡಕ್ಕೂ ಹಾಕಲಿಲ್ಲ, ಬಲಕ್ಕೂ ಹಾಕಲಿಲ್ಲ, ಡ್ರಾಯರಿನಲ್ಲಿಟ್ಟು, ಗಂಡನಿಗೆ ಫೋನು ಮಾಡಿ ಊಟಕ್ಕೆ ಬರುತ್ತೇನೆ ಕಾಯಿರಿ ಎಂದಳು.

ಸೋಮವಾರ ಮಧ್ಯಾಹ್ನ ಬಿಸಿಯೂಟದ ರುಚಿ ನೋಡುವ ಹೊತ್ತು. ಮಕ್ಕಳಿಗೆ ಬಡಿಸುವ ಮೊದಲು ಮುಖ್ಯ ಶಿಕ್ಷಕಿ ಒಂದು ತುತ್ತು ತಿಂದು ಪುಸ್ತಕದಲ್ಲಿ ರುಜು ಹಾಕಬೇಕು. ಅಡುಗೆಯ ಸರೋಜಮ್ಮ ತಟ್ಟೆ ಹಿಡಿದು ಬಂದು ಮೇಜಿನ ಪಕ್ಕ ನಿಂತಿದ್ದಳು. ಅದೇ ಹೊತ್ತಿಗೆ ನಾಗಮಣಿ ಮಧುಶ್ರೀಯನ್ನು ಕರೆಸಿದ್ದಳು. ಕಾರ್ಖಾನೆಯ ಗುತ್ತಿಗೆ ಕೆಲಸಗಾರ ರಾಜೇಶನ ಮಗಳು ಅದು, ರಾಜೇಶ ಎಸ್‌ಡಿಎಂಸಿ ಅನ್ನುವ ಶಾಲಾ ಸಮಿತಿಯ ಅಧ್ಯಕ್ಷ ಬೇರೆ. ಮಗು ಬಾಗಿಲಲ್ಲೇ ನಿಂತು ಒಂದು ಕಾಲಿನಿಂದ ಇನ್ನೊಂದು ಕಾಲನ್ನು ಉಜ್ಜುತ್ತಿತ್ತು. ನಾಗಮಣಿ ಡ್ರಾಯರಿನಿಂದ ಹಾಳೆ ತೆಗೆದು, ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡು, “ಚೆನ್ನಾಗಿ ಬರ್ದಿದೀಯ ಕಣಮ್ಮ. ಇದು ಯಾರು ಹೇಳು ನೋಡೋಣ?” ಎಂದಳು.

“ಅಜ್ಜಿ,” ಎಂದಿತು ಮಗು.

“ಯಾವ ಅಜ್ಜಿ?”

ಮಗು ಸರೋಜಮ್ಮನ ಕಡೆ ಬೆರಳು ತೋರಿಸಿತು. “ಸಾಂಬಾರ್ ಅಜ್ಜಿ. ಸೌಟು ಇಡ್ಕೊಂಡೈತಲ್ಲ.”

ಕಣ್ಣಿನ ಕ್ಯಾಂಪಿನಲ್ಲಿ ಕೊಟ್ಟ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡು ಸರೋಜಮ್ಮ ಬಗ್ಗಿ ನೋಡಿದಳು. “ಅಯ್ಯೋ ನನ್ ಕಂದ! ನನ್ನ ಯಾಕವ್ವ ಬರ್ದೆ, ಈ ಮೂತಿನ? ನೋಡಿ ಮೇಡಮ್ಮೋರೆ, ತುರುಬೂ ಬುಟ್ಟಿಲ್ಲ. ಎಂಗೆ ಬರ್ದವಳೆ ನೋಡಿ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, “ಇದ ನನಗೆ ಕೊಟ್ಬುಡ್ತೀರಾ, ಮನೇಲಿ ಅಂಟಿಸ್ಕೋತೀನಿ,” ಎಂದು ಕೈ ಚಾಚಿದಳು. ಕೊಡಲೇಬೇಕಾಯಿತು. ಸಾಂಬಾರಿಗೆ ಉಪ್ಪು ಕಮ್ಮಿಯಾಗಿದೆ ಎಂದಳು ನಾಗಮಣಿ. ಕಮ್ಮಿಯಾಗಿರಲಿಲ್ಲ. ಸರೋಜಮ್ಮ ಹೋದ ಮೇಲೆ ಪಕ್ಕದ ಕೊಠಡಿಯಿಂದ ಸುಷ್ಮಾಳ ಒಡಕು ದನಿಯೂ ಅದರ ಮೇಲೆ ಮೂವತ್ತೆಂಟು ಮಕ್ಕಳ ಕೂಗೂ ಗೋಡೆ ದಾಟಿ ಬಂದವು. ಏನು ಹೇಳಿಕೊಡುತ್ತಿದ್ದಳೋ, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಬಗ್ಗೆಯೇ ಇರಬೇಕು ಎಂದು ಅವಳಿಗೆ ಒಂದು ಕ್ಷಣ ಖಂಡಿತವಾಗಿ ಅನ್ನಿಸಿತು. ಐವತ್ತಾರು ವರ್ಷದ ಹೆಂಗಸು, ಮೂವತ್ತೆರಡು ವರ್ಷ ಸರ್ವೀಸು, ಅಡುಗೆಯವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೀಯಲ್ಲೇ ಎಂದು ಬೈದುಕೊಂಡಳು. ಬೈದುಕೊಂಡರೂ ಅದು ಹೋಗಲಿಲ್ಲ.

ಮಾರನೆಯ ದಿನ ಕಾರ್ಖಾನೆಯ ಇಂಜಿನಿಯರ್ ಅಶೋಕ ಕರಡು ನಕ್ಷೆ ಹಿಡಿದು ಬಂದ. ಮೂವತ್ತರ ಹುಡುಗ, ಶೂ ಬಿಚ್ಚಿಟ್ಟು ಒಳಗೆ ಬಂದದ್ದು ಅವಳಿಗೆ ಹಿಡಿಸಿತು. ನಕ್ಷೆಯನ್ನು ಮೇಜಿನ ಮೇಲೆ ಹರಡಿ ನಾಲ್ಕು ಮೂಲೆಗೆ ಡಸ್ಟರು, ಪಂಚಿಂಗ್ ಮಿಷನ್ನು, ಅವಳ ನೀರಿನ ಬಾಟಲಿ, ತನ್ನ ಮೊಬೈಲು ಇಟ್ಟ. ಹೊಸ ಕಟ್ಟಡ ಗೇಟಿನ ಕಡೆಯಿಂದ ಬರಬೇಕು, ಲಾರಿ ತಿರುಗಲು ಜಾಗ ಬೇಕು, ಆದ್ದರಿಂದ ಗೇಟಿನ ಪಕ್ಕದ ಎರಡು ಹೆಂಚಿನ ಕೋಣೆಗಳಲ್ಲಿ ಒಂದನ್ನು ತೆಗೆಯಲೇಬೇಕು ಎಂದ. ಒಂದು ಈ ಆಫೀಸು, ಇನ್ನೊಂದು ನಲಿಕಲಿ ಕೊಠಡಿ. “ನನ್ನ ಕೇಳಿದ್ರೆ ಆಫೀಸ್ ತೆಗೆಯೋದೇ ವಾಸಿ ಮೇಡಂ. ನೋಡಿ, ಗೋಡೆ ಬಿರುಕು ಬಿಟ್ಟಿದೆ. ಆ ಕೊಠಡಿ ಗಟ್ಟಿಯಾಗಿದೆ, ಒಳ್ಳೆ ತೇಗದ ತೊಲೆ. ಆದ್ರೆ ಹೆಡ್ ಮೇಡಂ ನೀವು. ನೀವು ಹೇಳಿದ್ದು ಫೈನಲ್.”

ಆಫೀಸು ತೆಗೆದರೆ ಅವಳು ಬೀರು, ಕಂಪ್ಯೂಟರು ಹೊತ್ತುಕೊಂಡು ಏಳನೆಯ ಕ್ಲಾಸಿನ ಮೂಲೆಗೆ ಹೋಗಬೇಕು, ಅಷ್ಟೇ ಕಷ್ಟ. ನಲಿಕಲಿ ಕೊಠಡಿ ತೆಗೆದರೆ ಮೂವತ್ತೆಂಟು ಪುಟ್ಟ ಮಕ್ಕಳು ಒಂದು ವರ್ಷ ಮುಖ್ಯ ರಸ್ತೆ ದಾಟಿ ಸಮುದಾಯ ಭವನಕ್ಕೆ ಹೋಗಬೇಕು. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದನ್ನೆಲ್ಲ ಪಕ್ಕಕ್ಕೆ ಸರಿಸಿ ಅವಳ ಕೈ ಎಡಗಡೆಯ ಕಟ್ಟಿನ ಮೇಲೆ ಹೋಯಿತು. ಆ ಕೊಠಡಿಯ ಗೋಡೆಗಳ ಮೇಲೆ ಸುಷ್ಮಾ ತಾನೇ ಬಣ್ಣ ಕಲಸಿ ಬರೆದ ಆನೆ, ನವಿಲು, ಕಾರಂಜಿ ಕೆರೆ. ತಲೆಯ ಮೇಲೆ ದಾರದ ಚಪ್ಪರ, ಅದರ ತುಂಬ ಮಕ್ಕಳು ಕತ್ತರಿಸಿ ತೂಗುಹಾಕಿದ ಅಕ್ಷರಗಳು. ಅವೆಲ್ಲ ಒಂದು ಬೆಳಿಗ್ಗೆ ಜೆಸಿಬಿಯ ಬಾಯಿಗೆ ಹೋಗುವುದನ್ನು ಅವಳು ಕಂಡಳು, ಕಂಡು ಹಾಯೆನಿಸಿತು. “ಮಕ್ಕಳ ಅಭಿಪ್ರಾಯ ಕೇಳಿದ್ದೀರಲ್ಲ ಅಶೋಕ್ ಅವ್ರೆ,” ಎಂದಳು. “ನೋಡಿ, ಓದಿ. ‘ಸುಷ್ಮಾ ಮಿಸ್ ರೂಮು ದೊಡ್ಡದಾಗಬೇಕು.’ ‘ನಮ್ಮ ಮಿಸ್ ರೂಮು ದೊಡ್ಡದು ಮಾಡಿ.’ ನಲವತ್ತೊಂದು ಮಕ್ಕಳು ಬರ್ದಿದಾರೆ, ನಾನೇ ಎಣಿಸಿದೀನಿ. ಕೆಡವದೆ ದೊಡ್ಡದು ಹೇಗೆ ಮಾಡ್ತೀರಿ? ಚಿಕ್ಕ ಮಕ್ಕಳಿಗೆ ಮೊದಲು ಹೊಸ ಕೊಠಡಿ ಆಗ್ಲಿ. ನನ್ನ ಆಫೀಸ್ ಹೇಗೋ ನಡೆಯುತ್ತೆ.” ಹೇಳುತ್ತ ಹೇಳುತ್ತ ಅವಳಿಗೇ ಅದು ನಿಜವೆನ್ನಿಸಿತು. ಅಶೋಕ ಹಾಳೆಗಳನ್ನು ಒಂದೊಂದಾಗಿ ನೋಡಿದ, ಹೆಂಚಿನ ಮೇಲೆ ಕೂತ ಸುಷ್ಮಾಳನ್ನು ಕಂಡು ನಕ್ಕ, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, “ನಿಮ್ಮಂಥೋರು ಕಮ್ಮಿ ಮೇಡಂ,” ಎಂದ. ಅವಳು ರುಜು ಹಾಕಿದಳು.

ಸಂಜೆ ರಾಜೇಶ ಶಿಫ್ಟು ಮುಗಿಸಿ ನೇರ ಬಂದ. “ಮೇಡಂ, ರೋಡು ನೋಡಿದ್ದೀರಲ್ಲ. ಕಂಪ್ನಿ ಬಸ್ಸು, ಲಾರಿ, ಯಾವನೂ ಬ್ರೇಕ್ ಹಾಕಲ್ಲ. ಅಷ್ಟು ಪುಟ್ ಮಕ್ಳ ಎಂಗೆ ದಾಟ್ಸದು? ಅರ್ಧ ಜನ ಟಿಸಿ ಇಸ್ಕೊಂಡು ಕಾನ್ವೆಂಟ್‌ಗೆ ಹಾಕ್ಬುಡ್ತಾರೆ ಕಣ್ರೀ.” ನಾವೇ ಕೈ ಹಿಡಿದು ದಾಟಿಸುತ್ತೇವೆ, ನಿಮ್ಮ ಮಗಳೂ ಇದ್ದಾಳಲ್ಲ ಅದರಲ್ಲಿ, ನಾನು ಬಿಡ್ತೀನಾ ಎಂದಳು ನಾಗಮಣಿ. ಅವನು ತಲೆ ಕೆರೆದುಕೊಂಡು ಹೋದ. ಸುಷ್ಮಾಳ ಮುಖ ಹೇಗಾಗುತ್ತದೆಂದು ನೋಡಲು ಅವಳು ಕಾದಿದ್ದಳು. ಇಡೀ ದಿನ ಅದಕ್ಕಾಗಿಯೇ ಕಾದಿದ್ದಳು. ಸುಷ್ಮಾ ಬಂದವಳೇ ಅವಳ ಎರಡೂ ಕೈ ಹಿಡಿದುಕೊಂಡಳು. “ಆ ಇಂಜಿನಿಯರ್ ಹೇಳಿದ್ರು ಮೇಡಂ. ಮೊದಲ ಹೊಸ ಕೊಠಡಿ ನಮ್ಮ ಚಿಕ್ಕೋರಿಗೇ ಅಂತ ನೀವೇ ಅಂದ್ರಂತೆ. ಗೋಡೆ ಚಿತ್ರ ಹೋಗುತ್ತೆ ಅಂತ ಹೊಟ್ಟೆ ಚುರ್ ಅಂತು, ಸುಳ್ಳು ಯಾಕೆ ಹೇಳ್ಲಿ. ಹೋಗ್ಲಿ ಬಿಡಿ, ಇನ್ನೊಂದ್ಸಲ ಬರ್ಯೋಣ. ಭವನ ಆದ್ರೂ ಸರಿ, ಬಯಲಾದ್ರೂ ಸರಿ, ಮಕ್ಕಳ ಜೊತೆ ಇದ್ರೆ ನಂಗೆ ಸಾಕು.” ಅವಳ ಕೈ ಬೆಚ್ಚಗಿತ್ತು, ಸುಣ್ಣದ ಕಡ್ಡಿಯ ಪುಡಿ ಮೆತ್ತಿತ್ತು. ನಾಗಮಣಿ ಕೈ ಬಿಡಿಸಿಕೊಂಡು ಬಸ್ಸಿಗೆ ಹೊತ್ತಾಯಿತೆಂದಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಕಿಟಕಿಯೂ ಸಿಕ್ಕಿತು, ಗಾಳಿ ಮಾತ್ರ ಬರಲಿಲ್ಲ. ಮಕ್ಕಳ ಜೊತೆ ಇದ್ದರೆ ಸಾಕಂತೆ. ಎಂಥ ಪೆದ್ದಿ ನಾನು! ಕೊಠಡಿ ಕಿತ್ತುಕೊಂಡು ಅವಳಿಗೆ ಇಡೀ ಭವನವನ್ನೇ ಬರೆದುಕೊಟ್ಟ ಹಾಗಾಯಿತಲ್ಲ. ಅಲ್ಲಿ ಹಾಜರಿ ಕೇಳುವವರಿಲ್ಲ, ಹತ್ತು ನಿಮಿಷ ತಡವಾದರೆ ನೋಡುವವರಿಲ್ಲ. ರಸ್ತೆ ದಾಟಿಸುವಾಗ ಅವಳ ಒಂದೊಂದು ಬೆರಳಿಗೂ ಒಂದೊಂದು ಮಗು. ವರ್ಷ ಕಳೆದು ಹೊಸ ಕೊಠಡಿಗೆ ಮೆರವಣಿಗೆಯಲ್ಲಿ ಬರುತ್ತಾಳೆ, ಗೋಡೆಗೆ ಮತ್ತೆ ಆನೆ ಬರೆಯುತ್ತಾಳೆ, ಮಕ್ಕಳು ಮತ್ತೆ ಆನೆಯ ಮೇಲೆ ಅವಳನ್ನೇ ಕೂರಿಸುತ್ತಾರೆ. ಪಕ್ಕದ ಸೀಟಿನ ಹೆಂಗಸು ತನ್ನ ಮಗುವಿಗೆ ಬಿಸ್ಕತ್ತು ಕೊಡುತ್ತ, ಆಂಟಿಗೂ ಒಂದು ಕೊಡು ಎಂದಳು. ಮಗು ನಾಗಮಣಿಯ ಮುಖ ನೋಡಿ ಬಿಸ್ಕತ್ತನ್ನು ಬೆನ್ನ ಹಿಂದಕ್ಕೆ ಅಡಗಿಸಿತು. ಹೆಂಗಸು ನಕ್ಕಳು, ಇವಳೂ ನಗಬೇಕಾಯಿತು. ಇಳಿಯುವ ಹೊತ್ತಿಗೆ ಏನು ಮಾಡಬೇಕೆಂದು ಅವಳಿಗೆ ತಿಳಿದಿತ್ತು.

ಗುರುವಾರದ ಶಾಲಾ ಸಮಿತಿ ಸಭೆಯಲ್ಲಿ ಅವಳು ಅದನ್ನು ಬಹಳ ಸರಳವಾಗಿ ಹೇಳಿದಳು. ಕಾರ್ಖಾನೆಯವರಿಗೆ ದಿನಾ ಕೆಲಸದ ಫೋಟೋ ಕಳಿಸಬೇಕು, ಇಂಗ್ಲಿಷಿನಲ್ಲಿ ಬರೆಯಬೇಕು, ಕಂಟ್ರಾಕ್ಟರನ ಹತ್ತಿರ ಮಾತಾಡಬೇಕು. ನನ್ನಂಥ ಹಳಬರಿಗೆ ಇದೆಲ್ಲ ಆಗದು, ಸುಷ್ಮಾ ಚುರುಕು. ಅವಳು ಆಫೀಸಿನಲ್ಲಿ ಕೂತು ಕಟ್ಟಡದ ಉಸ್ತುವಾರಿ ನೋಡಿಕೊಳ್ಳಲಿ, ನಾಲ್ಕನೆಯ ಕ್ಲಾಸಿಗೆ ಪಾಠ ಮಾಡಲಿ. ಚಿಕ್ಕ ಮಕ್ಕಳ ಜೊತೆ ಭವನಕ್ಕೆ ನಾನು ಹೋಗುತ್ತೇನೆ. ರಾಜೇಶ ಎದ್ದು ನಿಂತು ಕೈ ಮುಗಿದೇಬಿಟ್ಟ. “ದೊಡ್ ಮನ್ಸು ಮೇಡಂ ನಿಮ್ದು. ಹೆಡ್ ಮೇಡಂ ಆಗಿ ಚೇರ್ ಬುಟ್ಟು ಮಕ್ಳ ಜೊತೆ ಓಯ್ತೀನಿ ಅಂತಾರಲ್ಲ! ನಾನು ಎಲ್ಲಾರ್ಗೂ ಏಳ್ತೀನಿ, ಯಾರೂ ಟಿಸಿ ಇಸ್ಕೊಳಲ್ಲ.” ಚಪ್ಪಾಳೆ ಬಿತ್ತು. ಸುಷ್ಮಾ ಚಪ್ಪಾಳೆ ತಟ್ಟಿದಳು, ತಟ್ಟುತ್ತಲೇ ಅವಳ ಮುಖದಿಂದ ಬಣ್ಣ ಇಳಿದುಹೋಯಿತು. ನಾಗಮಣಿ ಅದನ್ನು ಪೂರ್ತಿಯಾಗಿ ನೋಡಿದಳು, ಎಲ್ಲಿಯೂ ಕಣ್ಣು ತಪ್ಪಿಸಲಿಲ್ಲ. ಸಭೆ ಮುಗಿದ ಮೇಲೆ ಸುಷ್ಮಾ ಬಾಗಿಲ ಹತ್ತಿರ ಕಾದಿದ್ದಳು.

“ಮೇಡಂ, ನಿಮಗೆ ಮಂಡಿ ನೋವು. ಅಲ್ಲಿ ನೆಲದ ಮೇಲೆ ಕೂರ್ಬೇಕು. ನಾನೇ ಹೋಗ್ತೀನಿ. ಫೋಟೋ ಎಲ್ಲ ಸಾಯಂಕಾಲ ಬಂದು ಕಳಿಸ್ತೀನಿ.”

“ಬೇಡ ಸುಷ್ಮಾ. ನಿಮಗೂ ಆಡಳಿತ ಗೊತ್ತಾಗ್ಬೇಕಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

“ನಾನೇನಾದ್ರೂ ತಪ್ಪು ಮಾಡಿದೀನಾ ಮೇಡಂ?”

ಕೇಳುವಾಗ ಅವಳ ಒಡಕು ದನಿ ಇನ್ನಷ್ಟು ಒಡೆದಿತ್ತು. ಹೌದು, ಮಾಡಿದ್ದೀಯ, ಎಡಗಡೆಯ ಕಟ್ಟಿನ ನೂರ ಮೂರು ಹಾಳೆಯಲ್ಲಿ ಮಾಡಿದ್ದೀಯ ಎನ್ನಬೇಕೆನಿಸಿತು ನಾಗಮಣಿಗೆ. ಛೆ ಛೆ, ಏನು ಮಾತು ಅಂತ ಆಡ್ತೀರಿ ಎಂದು ಬೆನ್ನು ತಟ್ಟಿದಳು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಭವನಕ್ಕೆ ಹೊರಟ ಮೊದಲ ದಿನ ಮಕ್ಕಳು ಒಬ್ಬರ ಅಂಗಿಯನ್ನು ಒಬ್ಬರು ಹಿಡಿದು ರೈಲು ಮಾಡಿಕೊಂಡಿದ್ದರು. ರಾಜೇಶ ರಸ್ತೆಯ ನಡುವೆ ಕೈ ಚಾಚಿ ಲಾರಿಗಳನ್ನು ನಿಲ್ಲಿಸಿದ. ಸುಷ್ಮಾ ಗೇಟಿನವರೆಗೆ ಬಂದು ಅಲ್ಲೇ ನಿಂತಳು. ಅವಳ ಹಿಂದೆ, ಭಾನುವಾರವೇ ಕೆಡವಲು ಶುರುಮಾಡಿದ್ದ ಗೋಡೆಯ ಆನೆಗೆ ಅರ್ಧ ಮೈ ಮಾತ್ರ ಉಳಿದಿತ್ತು. ಮಕ್ಕಳ ರೈಲು ಮುಂದಕ್ಕೆ ಹೋಗುತ್ತ ತಲೆಗಳು ಮಾತ್ರ ಹಿಂದಕ್ಕೆ ತಿರುಗಿದ್ದವು. ಮುಂದೆ ನೋಡಿ, ಮುಂದೆ ನೋಡಿ ಎಂದು ನಾಗಮಣಿ ಗದರಿದಳು. ರೈಲಿನ ಮೊದಲಿಗೆ ಮಧುಶ್ರೀ ಇತ್ತು. ನಾಗಮಣಿ ಎಡಗೈಯ ಕಿರುಬೆರಳು ಚಾಚಿದಳು. ಮಗು ಅದನ್ನು ನೋಡಿತು, ಹಿಡಿಯಲಿಲ್ಲ, ಅವಳ ಬ್ಯಾಗಿನ ಪಟ್ಟಿ ಹಿಡಿದುಕೊಂಡಿತು. ಭವನದೊಳಗೆ ನಿನ್ನೆಯ ಮದುವೆಯ ಹೂವು, ಪ್ಲಾಸ್ಟಿಕ್ ಲೋಟ ಇನ್ನೂ ಬಿದ್ದಿದ್ದವು, ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಚಾಪೆ ಹಾಸಿ, ನೋಯುವ ಮಂಡಿ ಮಡಚಿ ಅವಳು ಮಕ್ಕಳ ನಡುವೆ ಕೂತಳು. ಒಂದು ಹಾಡು ಎತ್ತಿದಳು. ನಾಲ್ಕು ಮಕ್ಕಳು ಹಾಡಿದರು, ಉಳಿದವರು ಬಾಗಿಲ ಕಡೆ ನೋಡುತ್ತಿದ್ದರು. ಕತೆ ಹೇಳಿದಳು. ಗಂಟಲು ಒಡಕು ಮಾಡಿಕೊಂಡು ನರಿಯ ದನಿಯನ್ನೂ ಹೊರಡಿಸಿದಳು. ಯಾರೂ ನಗಲಿಲ್ಲ.

“ಮಿಸ್,” ಎಂದಿತು ಮಧುಶ್ರೀ, “ಸುಷ್ಮಾ ಮಿಸ್ ಯಾವಾಗ ಬತ್ತಾರೆ?”

ಕಟ್ಟಡ ಮುಗಿದ ಮೇಲೆ ಎಂಬ ಮಾತು ಅವಳ ನಾಲಗೆಯ ತುದಿಯಲ್ಲಿತ್ತು. ನಾಳೆ ಬಂದು ನೋಡಿಕೊಂಡು ಹೋಗುತ್ತಾರೆ ಎಂದೂ ಹೇಳಬಹುದಿತ್ತು, ಅದೂ ನಿಜವೇ. ಮೂವತ್ತೆಂಟು ಮುಖಗಳೂ ಈಗ, ಬೆಳಗಿನಿಂದ ಮೊದಲ ಸಲ, ಅವಳನ್ನೇ ನೋಡುತ್ತಿದ್ದವು. “ಅವ್ರು ಬರಲ್ಲ ಕಣಮ್ಮ,” ಎಂದಳು ನಾಗಮಣಿ. “ನೀವು ಬಹಳ ಗಲಾಟೆ ಮಾಡ್ತೀರಂತೆ. ಸಾಕಾಗಿದೆ, ಈ ಮಕ್ಕಳು ನನಗೆ ಬೇಡ ಅಂದ್ಬಿಟ್ರು.”

“ನಾನ್ ಗಲಾಟೆ ಮಾಡ್ನಿಲ್ಲ,” ಎಂದಿತು ಮಧುಶ್ರೀ, ತನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಸ್ವಲ್ಪ ಹೊತ್ತು ಅದು ಚಾಪೆಯ ಕಡ್ಡಿ ಕೀಳುತ್ತ ಕೂತಿತು. ಆಮೇಲೆ ಕೂತಲ್ಲಿಂದಲೇ ಜರುಗಿ ಬಂದು ನಾಗಮಣಿಯ ಮಂಡಿಗೆ ಒತ್ತಿ ಕೂತು, ಕೇಳಿತು: “ನೀವೂ ಓಯ್ತೀರಾ ಮಿಸ್?”

“ಇಲ್ಲಮ್ಮ. ನಾನು ಎಲ್ಲೂ ಹೋಗಲ್ಲ.”

ಮಗು ನಂಬಲಿಲ್ಲವೇನೋ, ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳನ್ನು ತನ್ನ ಬಾಯಿಯ ಮೇಲೆ ಇಟ್ಟುಕೊಂಡಿತು. ಅದನ್ನು ನೋಡಿ ಪಕ್ಕದ ಮಗು ಇಟ್ಟುಕೊಂಡಿತು, ಅದರ ಪಕ್ಕದ್ದು ಇಟ್ಟುಕೊಂಡಿತು. ಯಾರೂ ಹೇಳದೆಯೇ ಮೂವತ್ತೆಂಟು ಮಕ್ಕಳೂ ಬಾಯಿಯ ಮೇಲೆ ಬೆರಳಿಟ್ಟು ಅವಳನ್ನು ನೋಡುತ್ತ ಕೂತರು. ಸೆರಗು ಎಳೆದಾಗ ಹೆಗಲ ಹತ್ತಿರ ಜಗ್ಗುತ್ತಿತ್ತು, ಅವಳು ಬಿಡಿಸಿಕೊಳ್ಳಲಿಲ್ಲ. ಎಷ್ಟು ವರ್ಷವಾಗಿತ್ತು! ನಾಗಮಣಿಗೆ ಸಂತೋಷವಾಯಿತು.